ನೀರು ತಗುಲಿದ ಮೇಲೆ ಹಳೆ ಕಾರು ಮಿಸ್ಸಿಂಗ್ ಹೊಡೆದರೆ ಎಲ್ಲಿಂದ ಹುಡುಕಬೇಕು

ಹಳೆ ಪೆಟ್ರೋಲ್ ಕಾರು ಇಟ್ಟುಕೊಂಡವರಿಗೆ ಮಳೆಗಾಲದ ಈ ಕಾಟ ಹೊಸದಲ್ಲ. ರಾತ್ರಿಯಿಡೀ ಮಳೆ ಹೊಡೆದಿರುತ್ತದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಇಂಜಿನ್ ಗಡಗಡ ನಡುಗುತ್ತದೆ, ಐಡ್ಲಿಂಗ್ ನಿಲ್ಲುವುದಿಲ್ಲ, ಆಕ್ಸಿಲರೇಟರ್ ಒತ್ತಿದರೆ ಜರ್ಕ್. ಯಾವುದೋ ಸಿಲಿಂಡರಿನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯದೆ ಹೀಗೆ ತಪ್ಪುವುದನ್ನೇ ಮಿಸ್ಸಿಂಗ್ ಅನ್ನುವುದು. ಇನ್ನು ಕೆಲವರದ್ದು ವಾಟರ್ ಸರ್ವಿಸ್‌ಗೆ ಬಿಟ್ಟು ತಂದ ದಿನವೇ ಶುರು. ಬಿಸಿಲೇರಿ ಹತ್ತು ಗಂಟೆ ಆಗುವಷ್ಟರಲ್ಲಿ ಎಲ್ಲ ಸರಿ. ಗ್ಯಾರೇಜಿಗೆ ಒಯ್ದಾಗಂತೂ ಏನೂ ಆಗೇ ಇಲ್ಲ ಅನ್ನುವ ಹಾಗೆ ಓಡುತ್ತದೆ. ಮೆಕ್ಯಾನಿಕ್ ಒಮ್ಮೆ ರೇಸ್ ಮಾಡಿ ನೋಡಿ, "ಕಾರ್ಬೊರೇಟರಲ್ಲಿ ಕಚರಾ ಕೂತಿದೆ ಸಾರ್" ಅಂತ ಗಾಳಿ, ಪೆಟ್ರೋಲ್ ಬೆರೆಸುವ ಆ ಭಾಗವನ್ನು ಬಿಚ್ಚುತ್ತಾನೆ. ಮುಂದಿನ ಮಳೆಗೆ ಮತ್ತೆ ಅದೇ ಕಥೆ.

ಈ ಸುತ್ತಾಟಕ್ಕೆ ಕಾರಣ ಒಂದೇ. ಹೊರಗಿನ ತೇವ ಸಾಮಾನ್ಯವಾಗಿ ಹೊಸ ತೊಂದರೆ ತರುವುದಿಲ್ಲ. ಡಿಸ್ಟ್ರಿಬ್ಯೂಟರ್ ಕ್ಯಾಪಿನಲ್ಲಿ ಮೊದಲೇ ಇದ್ದ ಬಿರುಕು, ಗಟ್ಟಿಯಾದ ರಬ್ಬರು, ಸವೆದ ವೈರು, ಇವುಗಳನ್ನು ಅದು ಬಯಲಿಗೆ ತರುತ್ತದೆ ಅಷ್ಟೆ. ಹಾಗಾಗಿ ಒಣಗಿಸಿದರೆ ರಿಪೇರಿ ಆಯಿತು ಎಂದಲ್ಲ. ತಪ್ಪು ಅಡಗಿ ಕೂತಿತು, ಅಷ್ಟೆ. ಒದ್ದೆ ಇರುವಾಗಲೇ ಅದನ್ನು ಹಿಡಿಯಬೇಕು. ಅದು ಹೇಗೆ ಅಂತ ಕ್ರಮವಾಗಿ ಹೇಳುತ್ತೇನೆ.

ಉದಾಹರಣೆಗೆ ಮಾರುತಿ 800 ಇಟ್ಟುಕೊಳ್ಳುತ್ತೇನೆ. 1983ರಿಂದ 2014ರವರೆಗೆ ತಯಾರಾದ ಗಾಡಿ, ಇವತ್ತಿಗೂ ನಮ್ಮ ಊರುಗಳಲ್ಲಿ ಬೇಕಾದಷ್ಟಿವೆ. 796 ಸಿಸಿ, ಮೂರು ಸಿಲಿಂಡರ್. ಕಾರ್ಬೊರೇಟರ್ ಇರುವ ಝೆನ್, ಅಂಬಾಸಿಡರ್, ಪದ್ಮಿನಿ ಇದ್ದವರಿಗೂ ಇದೇ ದಾರಿ. ಎಂಪಿಎಫ್‌ಐ (ಕಾರ್ಬೊರೇಟರ್ ಬದಲು ಇಂಜೆಕ್ಟರಿನಿಂದ ಪೆಟ್ರೋಲ್ ಚಿಮ್ಮಿಸುವ) ಕಾರುಗಳಿಗೆ ಬೇರೆಯಾಗುವ ಸಂಗತಿಗಳನ್ನು ಕೊನೆ ಕಡೆಗೆ ಹೇಳಿದ್ದೇನೆ.

ಮೊದಲು ಕೇಳಿಕೊಳ್ಳಬೇಕಾದ್ದು: ನೀರು ಹೇಗೆ ಬಂತು?

ಬಾನೆಟ್ ಎತ್ತುವ ಮೊದಲು ಇದಕ್ಕೆ ಉತ್ತರ ಬೇಕು. ಅರ್ಧ ಕೆಲಸ ಇಲ್ಲೇ ಮುಗಿಯುತ್ತದೆ.

ಬರೀ ಮಳೆ, ಇಬ್ಬನಿ, ಮಂಜು ಆದರೆ ತೊಂದರೆ ಹೆಚ್ಚಾಗಿ ಇಗ್ನಿಷನ್, ಅಂದರೆ ಕಿಡಿ ಕೊಡುವ ವ್ಯವಸ್ಥೆಯ ಕಡೆಯದ್ದು. ವೋಲ್ಟೇಜ್ ಏರಿಸುವ ಕಾಯಿಲ್, ಅದನ್ನು ಸರದಿಯಂತೆ ಸಿಲಿಂಡರುಗಳಿಗೆ ಹಂಚುವ ಡಿಸ್ಟ್ರಿಬ್ಯೂಟರ್, ಅಲ್ಲಿಂದ ಪ್ಲಗ್ಗಿಗೆ ಹೋಗುವ ವೈರು.

ಇಂಜಿನ್ ವಾಶ್ ಆದಮೇಲೆ ಶುರುವಾಗಿದ್ದರೆ ಇಗ್ನಿಷನ್ ಜೊತೆಗೆ ಇನ್ನೊಂದು ಅನುಮಾನ ಇಟ್ಟುಕೊಳ್ಳಿ. ಪ್ರೆಷರ್ ಗನ್ ಹೊಡೆತಕ್ಕೆ ವ್ಯಾಕ್ಯೂಮ್ ಪೈಪು (ಇಂಜಿನ್ ಗಾಳಿ ಎಳೆಯುವ ದಾರಿಗೆ ಸೇರಿದ ಸಣ್ಣ ರಬ್ಬರ್ ಪೈಪು) ಕಳಚಿರಬಹುದು, ಕನೆಕ್ಟರ್ ಒಳಗೆ ನೀರು ನುಗ್ಗಿರಬಹುದು.

ನಿಂತ ನೀರಲ್ಲಿ ಓಡಿಸಿದ್ದರೆ, ಅಥವಾ ಕಾರೇ ನೀರಲ್ಲಿ ನಿಂತಿದ್ದರೆ ಲೆಕ್ಕ ಬೇರೆ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಸರ್ಜಾಪುರ ರಸ್ತೆ, ಬೆಳ್ಳಂದೂರು ಕಡೆ ಬೇಸ್‌ಮೆಂಟಿನಲ್ಲಿದ್ದ ಕಾರುಗಳೇ ಮುಳುಗಿದ್ದವು, ನೆನಪಿದೆ ಅಲ್ವಾ? ಹಾಗೆ ನೀರು ಕಂಡ ಕಾರಿಗೆ ಮುಂದಿನ ಭಾಗವನ್ನು ಓದದೆ ಕೀ ತಿರುಗಿಸಬೇಡಿ.

ಇನ್ನೂ ಒಂದಿದೆ. ಪೆಟ್ರೋಲ್ ಹಾಕಿಸಿದ ಸ್ವಲ್ಪ ಹೊತ್ತಿಗೆ ಶುರುವಾಗಿದ್ದರೆ ನೀರು ಟ್ಯಾಂಕಿನಲ್ಲಿರಬಹುದು. ಆಗ ಪ್ಲಗ್ ವೈರು ಒರೆಸುತ್ತಾ ಕೂತರೆ ಪ್ರಯೋಜನ ಇಲ್ಲ.

ನಿಂತ ನೀರಿಗೆ ಇಳಿದ ಕಾರಾದರೆ ಸೆಲ್ಫ್ ಹೊಡೆಯಬೇಡಿ

ಇಷ್ಟು ಒತ್ತಿ ಹೇಳುವುದಕ್ಕೆ ಒಂದು ಸಣ್ಣ ಲೆಕ್ಕ ಸಾಕು. ಮಾರುತಿ 800ರಲ್ಲಿ ಒಂದು ಸಿಲಿಂಡರಿಗೆ ಸುಮಾರು 265 ಸಿಸಿ ಬರುತ್ತದೆ. ಕಂಪ್ರೆಷನ್ ಅನುಪಾತ ಸುಮಾರು 9 ಅಂತ ಇಟ್ಟುಕೊಳ್ಳಿ. ಪಿಸ್ಟನ್ ಪೂರ್ತಿ ಮೇಲೆ ಬಂದಾಗ ಅದರ ತಲೆಯ ಮೇಲೆ ಉಳಿಯುವ ಜಾಗ ಸುಮಾರು 33 ಮಿಲಿಲೀಟರ್. ಮೂರು ದೊಡ್ಡ ಚಮಚಕ್ಕಿಂತ ಕಡಿಮೆ. ಗಾಳಿಯನ್ನಾದರೆ ಒತ್ತಬಹುದು, ನೀರನ್ನು ಒತ್ತಲು ಆಗುವುದಿಲ್ಲ. ಅದಕ್ಕಿಂತ ಜಾಸ್ತಿ ನೀರು ಒಳಗಿದ್ದು ಸ್ಟಾರ್ಟರ್ ತಿರುಗಿದರೆ ಪಿಸ್ಟನ್ ಅರ್ಧದಲ್ಲೇ ನೀರಿಗೆ ಡಿಕ್ಕಿ ಹೊಡೆಯುತ್ತದೆ. ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡ್ ಬಗ್ಗುತ್ತದೆ. ಓಡುತ್ತಿರುವಾಗಲೇ ನೀರು ಎಳೆದುಕೊಂಡರೆ ರಾಡ್ ಮುರಿದು ಬ್ಲಾಕ್ ಒಡೆಯುವುದೂ ಉಂಟು. ಇದನ್ನೇ ಹೈಡ್ರೋಲಾಕ್ ಅನ್ನುವುದು.

ಆದ್ದರಿಂದ ಈ ಕ್ರಮ ಹಿಡಿಯಿರಿ.

ಬ್ಯಾಟರಿಯ ನೆಗೆಟಿವ್ ಕಳಚಿ. ಏರ್ ಫಿಲ್ಟರ್ ಡಬ್ಬಿ ಬಿಚ್ಚಿ, ಫಿಲ್ಟರ್ ಕೈಯಲ್ಲಿ ಹಿಡಿದು ನೋಡಿ. ಪೂರ್ತಿ ಒಣಗಿದ್ದು ಡಬ್ಬಿಯ ತಳದಲ್ಲೂ ನೀರಿಲ್ಲ ಅಂದರೆ ಆ ದಾರಿಯಿಂದ ಇಂಜಿನ್ ಒಳಗೆ ನೀರು ಹೋಗಿರುವ ಸಾಧ್ಯತೆ ಕಡಿಮೆ. ಫಿಲ್ಟರ್ ನೆನೆದು ಮುದ್ದೆಯಾಗಿದ್ದರೆ ಹೋಗಿದೆ ಅಂತಲೇ ತಿಳಿದುಕೊಳ್ಳಿ.

ಆಮೇಲೆ ಡಿಪ್‌ಸ್ಟಿಕ್. ಆಯಿಲ್ ಮಟ್ಟ ಮೊದಲಿಗಿಂತ ಜಾಸ್ತಿ ಆಗಿದೆಯಾ? ಬಣ್ಣ ಹಾಲು ಹಾಕಿದ ಕಾಫಿ ತರ ಇದೆಯಾ? ಹಾಗಿದ್ದರೆ ಆಯಿಲಿಗೆ ನೀರು ಸೇರಿದೆ. ಇಂಜಿನ್ ತಿರುಗದೆ ಇದ್ದಾಗ ನೀರು ಬೆರೆಯದೆ ತಳದಲ್ಲೇ ಕೂತಿರುತ್ತದೆ, ಆಗ ಬಣ್ಣ ಬದಲಾಗಿರುವುದಿಲ್ಲ. ಹಾಗಾಗಿ ಡ್ರೈನ್ ಬೋಲ್ಟ್ ನಿಧಾನ ಸಡಿಲಿಸಿ, ಮೊದಲು ಬರುವ ಹನಿಗಳನ್ನು ನೋಡಿ. ನೀರು ಆಯಿಲಿಗಿಂತ ಭಾರ, ಇದ್ದರೆ ಅದೇ ಮೊದಲು ಇಳಿಯುತ್ತದೆ. ನೀರಿಗೆ ಇಳಿಯದ ಕಾರಿನಲ್ಲೂ ಆಯಿಲ್ ಬೆಳ್ಳಗಾಗಿ, ರೇಡಿಯೇಟರ್ ನೀರು ಕಡಿಮೆಯಾಗುತ್ತಿದ್ದರೆ ಅದು ಹೆಡ್ ಗ್ಯಾಸ್ಕೆಟ್ (ಸಿಲಿಂಡರ್ ಹೆಡ್, ಬ್ಲಾಕ್ ನಡುವಿನ ಸೀಲ್) ಕಡೆಯ ತೊಂದರೆ. ಈ ಬರಹದ ಕ್ರಮ ಅದಕ್ಕೆ ಅಲ್ಲ. ಬರೀ ಆಯಿಲ್ ಮುಚ್ಚಳದ ಒಳಗೆ ಸ್ವಲ್ಪ ಬಿಳಿ ನೊರೆ ಇದ್ದರೆ ಗಾಬರಿ ಬೇಡ. ಚಳಿ, ಮಳೆಯಲ್ಲಿ ಸಣ್ಣ ಸಣ್ಣ ಓಡಾಟ ಮಾಡುವ ಕಾರುಗಳಲ್ಲಿ ಅದು ಇದ್ದದ್ದೇ.

ನಂತರ ಎಲ್ಲ ಪ್ಲಗ್ ಬಿಚ್ಚಿ. ಗೇರ್ ನ್ಯೂಟ್ರಲ್‌ನಲ್ಲಿರಲಿ. ಕ್ರ್ಯಾಂಕ್ ಪುಲ್ಲಿಯ ಬೋಲ್ಟಿಗೆ ಸ್ಪ್ಯಾನರ್ ಹಾಕಿ ಕೈಯಲ್ಲೇ ಎರಡು ಸುತ್ತು ತಿರುಗಿಸಿ. ಸಲೀಸಾಗಿ ತಿರುಗಬೇಕು. ಎಲ್ಲಾದರೂ ತಡೆದರೆ ಬಲ ಹಾಕಬೇಡಿ. ತಿರುಗಿದರೆ ಕಾಯಿಲ್‌ಗೆ ಬರುವ ಸಣ್ಣ ವೈರನ್ನು ಕಳಚಿ, ಬ್ಯಾಟರಿ ಜೋಡಿಸಿ, ಪ್ಲಗ್ ಇಲ್ಲದೆ ನಾಲ್ಕೈದು ಸೆಕೆಂಡು ಸೆಲ್ಫ್ ಹೊಡೆಯಿರಿ. ನೀರಿದ್ದರೆ ಪ್ಲಗ್ ತೂತಿನಿಂದ ಪಿಚಕಾರಿ ಹೊಡೆಯುತ್ತದೆ. ಮುಖ ದೂರ ಇಟ್ಟುಕೊಳ್ಳಿ. ನೀರು ಬರುವುದು ನಿಂತ ಮೇಲೆ ಪ್ರತಿ ಸಿಲಿಂಡರಿಗೂ ಒಂದು ಟೀ ಚಮಚ ಇಂಜಿನ್ ಆಯಿಲ್ ಬಿಡಿ. ಇಲ್ಲವಾದರೆ ಒಂದೆರಡು ದಿನದಲ್ಲೇ ಒಳಗೋಡೆಗೆ ತುಕ್ಕು ಹಿಡಿಯುತ್ತದೆ. ಆಯಿಲಿಗೆ ನೀರು ಸೇರಿದ್ದರೆ ಸ್ಟಾರ್ಟ್ ಮಾಡುವ ಮೊದಲೇ ಆಯಿಲ್, ಫಿಲ್ಟರ್ ಎರಡೂ ಬದಲಿಸಿ. ಸ್ವಲ್ಪ ಹೊತ್ತು ಓಡಿಸಿದ ಮೇಲೆ ಇನ್ನೊಮ್ಮೆ ಬದಲಿಸಿ. ಮೊದಲ ಸಲಕ್ಕೆ ಪೂರ್ತಿ ನೀರು ಹೋಗುವುದಿಲ್ಲ.

ವಿಮೆ ಇದ್ದವರಿಗೆ ಒಂದು ಮಾತು. ನೀರು ಹೊಕ್ಕ ಮೇಲೆ ಸ್ಟಾರ್ಟ್ ಮಾಡಿ ಇಂಜಿನ್ ಹಾಳಾದರೆ ಸಾಮಾನ್ಯ ಪಾಲಿಸಿಯಲ್ಲಿ ಆ ಖರ್ಚು ಸಿಗುವುದು ಕಷ್ಟ. ಮೊದಲು ಫೋಟೋ ತೆಗೆದಿಟ್ಟುಕೊಳ್ಳಿ, ಕಂಪನಿಗೆ ಫೋನ್ ಮಾಡಿ, ಟೋ ಮಾಡಿಸಿ. ಬಿಚ್ಚುವ ಕೆಲಸ ಆಮೇಲೆ.

ಇಂಜಿನ್ ಹೇಗೆ ಹೊಡೆಯುತ್ತಿದೆ, ಕಿವಿಗೊಟ್ಟು ಕೇಳಿ

ಇಲ್ಲಿಂದ ಮುಂದೆ ಇಂಜಿನ್ ಒಳಗೆ ನೀರಿಲ್ಲ ಅಂತ ಖಾತ್ರಿಯಾದ ಕಾರಿನ ಮಾತು. ಬಯಲಲ್ಲಿ ಅಥವಾ ಗಾಳಿಯಾಡುವ ಶೆಡ್ಡಿನಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಹಾಕಿ. ಸಡಿಲ ಬಟ್ಟೆ, ದುಪಟ್ಟಾ, ಪಂಚೆ ಬೇಡ. ಫ್ಯಾನು ಯಾವಾಗ ಬೇಕಾದರೂ ತಿರುಗಬಹುದು. ಎದೆಗೆ ಪೇಸ್‌ಮೇಕರ್ ಹಾಕಿಸಿಕೊಂಡವರು ಓಡುತ್ತಿರುವ ಇಂಜಿನ್ನಿನ ಪ್ಲಗ್ ವೈರುಗಳ ಹತ್ತಿರ ಹೋಗಲೇಬಾರದು.

ಸ್ಟಾರ್ಟ್ ಮಾಡಿ ಹಿಂದೆ ಹೋಗಿ, ಸೈಲೆನ್ಸರ್ ಬಾಯಿಂದ ಒಂದು ಗೇಣು ದೂರದಲ್ಲಿ ಅಂಗೈ ಹಿಡಿಯಿರಿ. ಹೊಗೆ ಕೈಗೆ ಹೊಡೆಯುವ ತಾಳ ಗಮನಿಸಿ. ಒಂದೇ ಲೆಕ್ಕದಲ್ಲಿ ಬಿಟ್ಟುಬಿಟ್ಟು ಹೊಡೆದರೆ ಒಂದು ಸಿಲಿಂಡರ್ ಸತ್ತಿದೆ. ಮೂರು ಸಿಲಿಂಡರಿನ ಗಾಡಿಯಲ್ಲಿ ಒಂದು ಹೋದರೆ ಇಡೀ ಕಾರೇ ಅಲ್ಲಾಡುತ್ತದೆ, ಸ್ಟೇರಿಂಗ್ ಹಿಡಿದರೂ ಗೊತ್ತಾಗುತ್ತದೆ. ತಾಳ ಇಲ್ಲದೆ ಹೇಗೆಂದರೆ ಹಾಗೆ ತಪ್ಪುತ್ತಿದ್ದರೆ ಎಲ್ಲ ಸಿಲಿಂಡರಿಗೂ ಸೇರಿದ ಭಾಗದಲ್ಲಿ ತೊಂದರೆ: ಕಾಯಿಲ್, ಡಿಸ್ಟ್ರಿಬ್ಯೂಟರ್ ಒಳಗೆ ತಿರುಗುವ ರೋಟರ್, ಕಾಯಿಲಿಂದ ಬರುವ ನಡುವಿನ ವೈರು, ಇಲ್ಲವೇ ಪೆಟ್ರೋಲ್.

ಯಾವಾಗ ತಪ್ಪುತ್ತದೆ ಅನ್ನುವುದೂ ಮುಖ್ಯ. ಐಡ್ಲಿಂಗಿನಲ್ಲಿ ಮಾತ್ರ ಏರಿಳಿತ, ಓಡಿಸಿದರೆ ಸರಿ ಅಂದರೆ ವ್ಯಾಕ್ಯೂಮ್ ಪೈಪು ನೋಡಿ. ನಿಂತಾಗ ಚೆನ್ನಾಗಿದ್ದು ಏರು ಹತ್ತುವಾಗ, ಓವರ್‌ಟೇಕ್ ಮಾಡುವಾಗ ಮಾತ್ರ ತಪ್ಪಿದರೆ ಸ್ಪಾರ್ಕ್ ಲೀಕ್ ಆಗುತ್ತಿದೆ. ಇದಕ್ಕೆ ಕಾರಣ ಇದೆ. ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಸಿಲಿಂಡರಿನ ಒಳಗೆ ಒತ್ತಡ ಜಾಸ್ತಿ. ಅಲ್ಲಿ ಕಿಡಿ ಹಾರಿಸಲು ಜಾಸ್ತಿ ವೋಲ್ಟೇಜ್ ಬೇಕು. ಅಷ್ಟು ವೋಲ್ಟೇಜ್ ಏರುವಷ್ಟರಲ್ಲಿ ಒದ್ದೆ ವೈರಿನ ಮೇಲೆ ಕರೆಂಟಿಗೆ ಅದಕ್ಕಿಂತ ಸುಲಭದ ದಾರಿ ಸಿಕ್ಕಿಬಿಡುತ್ತದೆ. ಆಗುಂಬೆ ಘಾಟಿ ಹತ್ತುವಾಗ ಮಳೆಯಲ್ಲಿ ಕೈಕೊಡುವ ಹಳೆ ಕಾರುಗಳಲ್ಲಿ ಹೆಚ್ಚಿನವಕ್ಕೆ ಇದೇ ಕಾರಣ ಅಂತ ನನ್ನ ಅನಿಸಿಕೆ.

ಕಪ್ಪು ಹೊಗೆ, ಪೆಟ್ರೋಲ್ ವಾಸನೆ ಇದ್ದರೆ ಮೊದಲು ಏರ್ ಫಿಲ್ಟರ್ ನೋಡಿ. ನೆನೆದ ಕಾಗದದ ಫಿಲ್ಟರ್ ಗಾಳಿ ಬಿಡುವುದಿಲ್ಲ. ಒಣಗಿಸಿ ಮತ್ತೆ ಹಾಕಬೇಡಿ, ಹೊಸದು ಹಾಕಿ.

ಕತ್ತಲೆಯಲ್ಲಿ ನೋಡಿ

ಇದು ಇಡೀ ಕೆಲಸದಲ್ಲಿ ನನಗೆ ಅತಿ ಇಷ್ಟದ ಪರೀಕ್ಷೆ. ದುಡ್ಡು ಬೇಡ, ಮೀಟರ್ ಬೇಡ. ತಪ್ಪನ್ನು ಕಣ್ಣಾರೆ ನೋಡಬಹುದು.

ಪ್ಲಗ್‌ಗೆ ಹೋಗುವ ವೋಲ್ಟೇಜ್ ಸುಮಾರು 15,000ದಿಂದ 25,000. ಶುದ್ಧ ನೀರು ಅಷ್ಟಾಗಿ ಕರೆಂಟ್ ಹರಿಸುವುದಿಲ್ಲ. ಆದರೆ ಇಂಜಿನ್ ಮೇಲೆ ಕೂತ ಧೂಳು, ಆಯಿಲ್ ಜಿಡ್ಡು, ವಾಶ್ ಮಾಡಿದ ಸೋಪು ನೀರಿನ ಜೊತೆ ಸೇರಿದರೆ ಚೆನ್ನಾಗಿಯೇ ಹರಿಸುತ್ತದೆ.

ಕತ್ತಲಾದ ಮೇಲೆ ಬಾನೆಟ್ ಎತ್ತಿ, ಸುತ್ತಲಿನ ಲೈಟೆಲ್ಲ ಆರಿಸಿ, ಇಂಜಿನ್ ಐಡ್ಲಿಂಗಿನಲ್ಲಿ ಬಿಡಿ. ಕಣ್ಣು ಕತ್ತಲಿಗೆ ಹೊಂದಿಕೊಳ್ಳಲು ಎರಡು ನಿಮಿಷ ಸುಮ್ನೆ ನಿಲ್ಲಿ. ಲೀಕ್ ಇದ್ದರೆ ವೈರು ಹೆಡ್ಡಿಗೆ ತಗುಲುವ ಕಡೆ, ಪ್ಲಗ್ ಕ್ಯಾಪಿನ ಅಂಚಿನಲ್ಲಿ, ಕಾಯಿಲ್ ತಲೆಯ ಮೇಲೆ ನೀಲಿ ಕಿಡಿ ಚುಟುಚುಟು ಓಡುವುದು ಕಾಣುತ್ತದೆ. ಕಿವಿಗೂ ಟಿಕ್ ಟಿಕ್ ಸದ್ದು ಕೇಳುತ್ತದೆ.

ಕಾರು ಆಗಲೇ ಒಣಗಿದ್ದು ಏನೂ ಕಾಣದಿದ್ದರೆ ತಪ್ಪನ್ನು ಕರೆಸಬೇಕು. ಬಟ್ಟೆ ಇಸ್ತ್ರಿ ಮಾಡುವಾಗ ನೀರು ಚಿಮುಕಿಸುವ ಸ್ಪ್ರೇ ಬಾಟಲ್ ತಗೊಳ್ಳಿ. ಅದರಲ್ಲಿ ಬರೀ ನೀರು. ಉಪ್ಪು ಹಾಕಬೇಡಿ, ಅದು ಆಮೇಲೆ ಅಲ್ಲೇ ಕೂತು ಕಿಲುಬು ಹಿಡಿಸುತ್ತದೆ. ಒಂದು ಜಾಗಕ್ಕೆ ಮಾತ್ರ ಸಣ್ಣಗೆ ಹೊಡೆದು ಅರ್ಧ ನಿಮಿಷ ಕಾಯಿರಿ. ಮೊದಲು ಒಂದು ಪ್ಲಗ್ ವೈರು, ಆಮೇಲೆ ಇನ್ನೊಂದು, ನಂತರ ನಡುವಿನ ವೈರು, ಕಾಯಿಲ್, ಕೊನೆಗೆ ಡಿಸ್ಟ್ರಿಬ್ಯೂಟರ್ ಕ್ಯಾಪ್. ಎಲ್ಲಿ ಹೊಡೆದ ತಕ್ಷಣ ಇಂಜಿನ್ ತಪ್ಪಲು ಶುರುವಾಯಿತೋ ಕಳ್ಳ ಅಲ್ಲೇ ಇದ್ದಾನೆ. ಎಲ್ಲದರ ಮೇಲೂ ಒಟ್ಟಿಗೆ ಹೊಡೆದರೆ ಏನೂ ಗೊತ್ತಾಗುವುದಿಲ್ಲ. ಬಿಸಿ ಸೈಲೆನ್ಸರ್ ಮ್ಯಾನಿಫೋಲ್ಡ್ ಮೇಲೆ ನೀರು ಬೀಳದಂತೆ ನೋಡಿಕೊಳ್ಳಿ. ಕೈ ಯಾವುದನ್ನೂ ಮುಟ್ಟದಿರಲಿ.

ಸಾಗರದ ಕಡೆಯ ಪರಿಚಯದವರೊಬ್ಬರ ಝೆನ್ ಹೀಗೇ ಬೆಳಿಗ್ಗೆ ಮಾತ್ರ ಕಾಡುತ್ತಿತ್ತು. ಕಾರ್ಬೊರೇಟರ್ ಕ್ಲೀನ್ ಆಗಿತ್ತು, ಪ್ಲಗ್ ಹೊಸದು, ವೈರೂ ಹೊಸದು. ಒಂದು ಸಂಜೆ ಕಾಯಿಲ್ ಮೇಲೆ ಎರಡು ಸಲ ನೀರು ಹೊಡೆದದ್ದೇ ತಡ, ಇಂಜಿನ್ ನಿಂತೇಹೋಯಿತು. ಕಾಯಿಲಿನ ನಡುವಿನ ಕೊಂಬಿನ ಬುಡದಲ್ಲಿ ಕೂದಲೆಳೆಯಷ್ಟು ಸಣ್ಣ ಬಿರುಕು. ಹಗಲಲ್ಲಿ ಟಾರ್ಚ್ ಹಿಡಿದರೂ ಕಂಡಿರಲಿಲ್ಲ.

ಯಾವ ಸಿಲಿಂಡರ್ ಸತ್ತಿದೆ?

ತಾಳಬದ್ಧವಾಗಿ ತಪ್ಪುತ್ತಿದ್ದರೆ ಇದನ್ನು ಮಾಡಿ. ಇಂಜಿನ್ ಆಫ್ ಮಾಡಿ ಒಂದು ಪ್ಲಗ್ ವೈರು ಕಳಚಿ. ಆ ವೈರಿನ ತುದಿಗೆ ಒಂದು ಹಳೆ ಪ್ಲಗ್ ಸಿಕ್ಕಿಸಿ, ಅದರ ಲೋಹದ ಮೈ ಇಂಜಿನ್ನಿಗೆ ಗಟ್ಟಿಯಾಗಿ ತಗುಲುವಂತೆ ತಂತಿಯಿಂದ ಕಟ್ಟಿ. ಸ್ಟಾರ್ಟ್ ಮಾಡಿ. ಮೊದಲಿಗಿಂತ ಜಾಸ್ತಿ ನಡುಗಿದರೆ ಆ ಸಿಲಿಂಡರ್ ಕೆಲಸ ಮಾಡುತ್ತಿತ್ತು. ಏನೂ ವ್ಯತ್ಯಾಸ ಆಗದಿದ್ದರೆ ಸತ್ತಿರುವುದು ಅದೇ. ಹೀಗೆ ಒಂದೊಂದನ್ನೇ ನೋಡಿ.

ಓಡುತ್ತಿರುವಾಗಲೇ ವೈರು ಎಳೆದು ನೋಡುವ ಮೆಕ್ಯಾನಿಕ್‌ಗಳಿದ್ದಾರೆ. ಅದು ಬೇಡ. ನಿಮಗೆ ಕರೆಂಟ್ ಹೊಡೆಯುತ್ತದೆ. ಜೊತೆಗೆ ಎಲೆಕ್ಟ್ರಾನಿಕ್ ಇಗ್ನಿಷನ್ ಇರುವ ಗಾಡಿಯಲ್ಲಿ ಕಿಡಿಗೆ ಅರ್ಥ್ ಸಿಗದೆ ಕಾಯಿಲ್, ಇಗ್ನೈಟರ್ ಸುಟ್ಟುಹೋಗಬಹುದು. ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಇರುವ ಕಾರಾದರೆ ಈ ಪರೀಕ್ಷೆ ಒಂದು ಸಿಲಿಂಡರಿಗೆ ಅರ್ಧ ನಿಮಿಷ ಮೀರದಿರಲಿ. ಉರಿಯದ ಪೆಟ್ರೋಲ್ ಅದರೊಳಗೆ ಹೋಗಿ ಉರಿದು ಅದನ್ನೇ ಕರಗಿಸುತ್ತದೆ. ಇದೇ ಕಾರಣಕ್ಕೆ ಮಿಸ್ಸಿಂಗ್ ಇರುವ ಕಾರನ್ನು "ನಾಳೆ ನೋಡೋಣ" ಅಂತ ವಾರಗಟ್ಟಲೆ ಓಡಿಸಬಾರದು.

ಸತ್ತ ಸಿಲಿಂಡರ್ ಗೊತ್ತಾದ ಮೇಲೆ ಅದರ ಪ್ಲಗ್ಗನ್ನು ಪಕ್ಕದ ಸಿಲಿಂಡರಿಗೆ ಹಾಕಿ ನೋಡಿ. ತೊಂದರೆ ಪ್ಲಗ್ ಜೊತೆ ಹೋಯಿತಾ? ಹಾಗಾದರೆ ಪ್ಲಗ್ಗೇ ಕೆಟ್ಟಿದೆ. ಅಲ್ಲೇ ಉಳಿಯಿತಾ? ವೈರು, ಕ್ಯಾಪ್, ಇಲ್ಲವೇ ಕಂಪ್ರೆಷನ್. ಹೊಸ ಸಾಮಾನು ತರುವ ಮೊದಲು ಇರುವುದನ್ನೇ ಅದಲು ಬದಲು ಮಾಡಿ ನೋಡಿದರೆ ಎಷ್ಟೋ ದುಡ್ಡು ಉಳಿಯುತ್ತದೆ.

ಡಿಸ್ಟ್ರಿಬ್ಯೂಟರ್ ಕ್ಯಾಪ್ ಬಿಚ್ಚಿದಾಗ

ಮಾರುತಿ 800ರಲ್ಲಿ ಇದು ಸಿಲಿಂಡರ್ ಹೆಡ್‌ನ ಗೇರ್‌ಬಾಕ್ಸ್ ಕಡೆಯ ತುದಿಯಲ್ಲಿದೆ. ಬಿಚ್ಚುವ ಮೊದಲು ವೈರುಗಳಿಗೆ ಟೇಪ್ ಸುತ್ತಿ 1, 2, 3 ಅಂತ ಬರೆಯಿರಿ, ಮೊಬೈಲಲ್ಲಿ ಒಂದು ಫೋಟೋನೂ ತೆಗೆಯಿರಿ. ಈ ಇಂಜಿನ್ನಿನ ಫೈರಿಂಗ್ ಆರ್ಡರ್, ಅಂದರೆ ಸಿಲಿಂಡರುಗಳಿಗೆ ಕಿಡಿ ಹೋಗುವ ಸರದಿ, 1-3-2. ಅಂಬಾಸಿಡರ್, ಪದ್ಮಿನಿ, ಝೆನ್ ಸೇರಿದಂತೆ ನಾಲ್ಕು ಸಿಲಿಂಡರಿನ ಬಹುತೇಕ ಕಾರುಗಳದ್ದು 1-3-4-2. ವಾಶ್ ಆದಮೇಲೆ ಯಾರೋ ವೈರು ತೆಗೆದು ಒರೆಸಿ ಅದಲು ಬದಲು ಹಾಕಿರುವುದೇ ಎಷ್ಟೋ ಸಲ ತೊಂದರೆ ಆಗಿರುತ್ತದೆ.

ಕ್ಯಾಪ್ ಮಗುಚಿ ಒಳಗೆ ನೋಡಿ. ಬರೀ ನೀರಿನ ಹನಿ ಅಥವಾ ಬೆವರಿದ ಹಾಗೆ ಇದ್ದರೆ ಒಣಬಟ್ಟೆಯಲ್ಲಿ ಒರೆಸಿ. ಆದರೆ ಒಳಗೆ ನೀರು ಯಾಕೆ ಹೋಯಿತು ಅಂತಲೂ ನೋಡಿ. ಕ್ಯಾಪ್ ಕೂರುವ ಕಡೆ ಇರುವ ರಬ್ಬರ್ ಸೀಲ್ ಹೋಗಿದೆಯಾ? ಸ್ಕ್ರೂ ಅಥವಾ ಕ್ಲಿಪ್ ಸಡಿಲವಾ?

ಈಗ ಕ್ಯಾಪನ್ನು ಬಿಸಿಲಿಗೆ ಹಿಡಿದು ಓರೆ ಮಾಡಿ. ಒಂದು ಲೋಹದ ಮೊಳೆಯಿಂದ ಇನ್ನೊಂದಕ್ಕೆ, ಅಥವಾ ಮೊಳೆಯಿಂದ ಕೆಳಗಿನ ಅಂಚಿಗೆ, ಚೂಪು ಪೆನ್ಸಿಲಲ್ಲಿ ಎಳೆದಂಥ ಕಪ್ಪು ಗೆರೆ ಕಂಡರೆ ಅದೇ ಕಾರ್ಬನ್ ಟ್ರ್ಯಾಕ್. ಒಮ್ಮೆ ನೀರಿನ ಮೇಲೆ ಓಡಿದ ಕಿಡಿ ಪ್ಲಾಸ್ಟಿಕ್ ಮೈಯನ್ನು ಸುಟ್ಟು ಇದ್ದಿಲು ಮಾಡಿರುತ್ತದೆ. ಇದ್ದಿಲು ಕರೆಂಟ್ ಹರಿಸುತ್ತದೆ. ಆಮೇಲೆ ಕಿಡಿ ಅದೇ ಗೆರೆ ಹಿಡಿದು ಓಡಾಡುತ್ತದೆ, ಮಳೆ ಇಲ್ಲದಿದ್ದರೂ. ಬ್ಲೇಡಿನಿಂದ ಕೆರೆದು, ನೇಲ್ ಪಾಲಿಶ್ ಹಚ್ಚಿ ಊರು ಮುಟ್ಟಬಹುದು. ಆದರೆ ಅದು ದಾರಿಯಲ್ಲಿ ಕೈಕೊಟ್ಟಾಗಿನ ಉಪಾಯ ಅಷ್ಟೆ. ಕ್ಯಾಪ್ ಬದಲಿಸಲೇಬೇಕು.

ನಡುವಿನ ಕಾರ್ಬನ್ ಗುಂಡಿ ಬೆರಳಲ್ಲಿ ಒತ್ತಿದರೆ ಒಳಗೆ ಹೋಗಿ ಹೊರಗೆ ಬರಬೇಕು. ಸವೆದು ಚಪ್ಪಟೆಯಾಗಿದ್ದರೆ ಮುಗಿಯಿತು. ರೋಟರಿನ ತುದಿ ಸುಟ್ಟು ತೂತು ತೂತಾಗಿದೆಯಾ, ಅಡಿಯಲ್ಲಿ ಗೆರೆ ಇದೆಯಾ ನೋಡಿ. ಮೊಳೆಗಳ ಮೇಲೆ ಹಸಿರು ಅಥವಾ ಬಿಳಿ ಕಿಲುಬು ಸ್ವಲ್ಪವೇ ಇದ್ದರೆ ಉಜ್ಜಬಹುದು. ತುಂಬಾ ಇದ್ದರೆ ಕ್ಯಾಪ್, ರೋಟರ್ ಎರಡನ್ನೂ ಒಟ್ಟಿಗೆ ಹಾಕಿಬಿಡಿ. ಒಂದು ಹೊಸದು ಒಂದು ಹಳೆಯದು ಬೇಡ.

ಅಂಬಾಸಿಡರ್, ಪದ್ಮಿನಿಯಂಥ ಪಾಯಿಂಟ್ (ಕಾಯಿಲ್ ಕರೆಂಟನ್ನು ಕೂಡಿಸಿ ಕಡಿಯುವ ಸಣ್ಣ ಸ್ವಿಚ್) ಇರುವ ಗಾಡಿಗಳಲ್ಲಿ ಪಾಯಿಂಟಿನ ಎರಡು ಮುಖಗಳ ನಡುವೆ ತೇವ ಕೂತರೂ ಸಾಕು, ಸ್ಪಾರ್ಕ್ ಬರುವುದಿಲ್ಲ. ಒಣ ಕಾಗದದ ತುಂಡನ್ನು ನಡುವೆ ಇಟ್ಟು ಎಳೆಯಿರಿ. ಸುಟ್ಟಿದ್ದರೆ ಸಣ್ಣ ಎಮರಿ ಪೇಪರಿನಲ್ಲಿ ತಿಕ್ಕಿ ಗ್ಯಾಪ್ ಸುಮಾರು 0.4 ಮಿ.ಮೀ. ಇಡಿ.

ವೈರು, ಕಾಯಿಲ್, ಪ್ಲಗ್

ಪ್ಲಗ್ ವೈರನ್ನು ಬಗ್ಗಿಸಿ ನೋಡಿ. ಮೈ ಸೀಳು ಬಿಟ್ಟಿದ್ದರೆ, ಎರಡು ತುದಿಯ ರಬ್ಬರ್ ಗಟ್ಟಿಯಾಗಿ ಬಾಯಿ ಬಿಟ್ಟಿದ್ದರೆ ಇಡೀ ಸೆಟ್ ಬದಲಿಸಿ. ಮಲ್ಟಿಮೀಟರ್ ಇದ್ದರೆ ರೆಸಿಸ್ಟೆನ್ಸ್ ಅಳೆಯಿರಿ. ಕಾರ್ಬನ್ ಎಳೆಯ ವೈರುಗಳಲ್ಲಿ ಮೀಟರ್ ಉದ್ದಕ್ಕೆ ಸಾಮಾನ್ಯವಾಗಿ 10ರಿಂದ 25 ಕಿಲೋ ಓಮ್ ಬರುತ್ತದೆ. ಅಂಕಿಗಿಂತ ಹೋಲಿಕೆ ಮುಖ್ಯ. ಎರಡು ವೈರು 8, 9 ತೋರಿಸಿ ಮೂರನೆಯದು 60 ತೋರಿಸಿದರೆ ಅದು ಹೋಗಿದೆ. ಆದರೆ ಮೀಟರ್ ಒಳಗಿನ ಎಳೆಯನ್ನು ಮಾತ್ರ ಅಳೆಯುತ್ತದೆ, ಹೊರಗಿನ ರಬ್ಬರ್ ಲೀಕ್ ಅದಕ್ಕೆ ಗೊತ್ತಾಗುವುದಿಲ್ಲ. ಅದಕ್ಕೇ ಕತ್ತಲೆ ಪರೀಕ್ಷೆ.

ಪ್ಲಗ್ ಬಿಚ್ಚುವ ಮೊದಲು ಸುತ್ತಲಿನ ನೀರು, ಮಣ್ಣನ್ನು ಊದಿ ತೆಗೆಯಿರಿ, ಇಲ್ಲದಿದ್ದರೆ ಅದು ಸಿಲಿಂಡರಿಗೆ ಬೀಳುತ್ತದೆ. ಕೆಲವು ಇಂಜಿನ್ನುಗಳಲ್ಲಿ ಪ್ಲಗ್ ಹೆಡ್ ನಡುವಿನ ಆಳದ ಗುಂಡಿಯಲ್ಲಿರುತ್ತದೆ. ವಾಶ್ ಆದಮೇಲೆ ಅಲ್ಲಿ ನೀರು ನಿಂತು ದಿನಗಟ್ಟಲೆ ಹಾಗೇ ಇರುತ್ತದೆ. ಬಿಚ್ಚಿದ ಪ್ಲಗ್ ತುದಿ ಕಂದು ಬಣ್ಣ ಇದ್ದರೆ ಆ ಸಿಲಿಂಡರ್ ಸರಿಯಾಗಿ ಉರಿಯುತ್ತಿದೆ. ಪೆಟ್ರೋಲಿನಲ್ಲಿ ಒದ್ದೆ ಇದ್ದರೆ ಕಿಡಿ ಬರುತ್ತಿಲ್ಲ. ಬಿಳಿ ಪಿಂಗಾಣಿಯ ಮೇಲೆ ಉದ್ದಕ್ಕೆ ಸಣ್ಣ ಕಪ್ಪು ಗೆರೆ ಇದ್ದರೆ ಕಿಡಿ ಹೊರಗಿನಿಂದಲೇ ಇಳಿಯುತ್ತಿದೆ. ಆಗ ಪ್ಲಗ್, ಅದರ ಕ್ಯಾಪ್ ಎರಡೂ ಬದಲಿಸಬೇಕು. ಗ್ಯಾಪನ್ನು ನಿಮ್ಮ ಕಾರಿನ ಪುಸ್ತಕದಲ್ಲಿ ಇದ್ದಷ್ಟೇ ಇಡಿ. ಗ್ಯಾಪ್ ದೊಡ್ಡದಾದಷ್ಟೂ ಮಳೆಯಲ್ಲಿ ಲೀಕ್ ಜಾಸ್ತಿ.

ಒಣಗಿಸಲು ಹೇರ್ ಡ್ರೈಯರ್, ಕಂಪ್ರೆಸರ್ ಗಾಳಿ, ಡಬ್ಲ್ಯುಡಿ-40 ಯಾವುದಾದರೂ ಆದೀತು. ಡಬ್ಲ್ಯುಡಿ-40 ಬೆಂಕಿ ಹಿಡಿಯುವ ವಸ್ತು. ಹೊಡೆದ ಮೇಲೆ ಒರೆಸಿ, ಸ್ವಲ್ಪ ಹೊತ್ತು ಬಿಟ್ಟು ಸ್ಟಾರ್ಟ್ ಮಾಡಿ. ಜೋಡಿಸುವಾಗ ಪ್ಲಗ್ ಕ್ಯಾಪಿನ ರಬ್ಬರ್ ಒಳಗೆ ಸಿಲಿಕಾನ್ ಗ್ರೀಸ್ ತೆಳ್ಳಗೆ ಸವರಿದರೆ ಮುಂದಿನ ಮಳೆಗೆ ನೀರು ಒಳಗೆ ಹೋಗುವುದಿಲ್ಲ. ಬೆಂಗಳೂರಿನವರಿಗೆ ಕ್ಯಾಪ್, ರೋಟರ್, ವೈರ್ ಸೆಟ್ ಎಲ್ಲವೂ ಜೆ.ಸಿ. ರಸ್ತೆಯಲ್ಲಿ ಸಿಗುತ್ತವೆ. ಹಳೆಯದನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿ. ಒಂದೇ ಹೆಸರಿನ ಕಾರಿಗೆ ವರ್ಷದ ಮೇಲೆ ಸಾಮಾನು ಬದಲಾಗುತ್ತದೆ.

ಟ್ಯಾಂಕಿನಲ್ಲಿ ನೀರಿದೆಯಾ?

ಸ್ಪಾರ್ಕ್ ಎಲ್ಲ ಸರಿ ಇದ್ದೂ ತಾಳವಿಲ್ಲದೆ ತಪ್ಪುತ್ತಿದ್ದರೆ ಪೆಟ್ರೋಲ್ ಪರೀಕ್ಷಿಸಿ. ಕಾರ್ಬೊರೇಟರ್ ಗಾಡಿಯಲ್ಲಿ ಕಾಯಿಲ್‌ನ ಸಣ್ಣ ವೈರು ಕಳಚಿ, ಕಾರ್ಬೊರೇಟರಿಗೆ ಬರುವ ಪೈಪನ್ನು ಬಿಚ್ಚಿ ಗಾಜಿನ ಬಾಟಲಿಗೆ ಇಳಿಬಿಡಿ. ಇಂಜಿನ್ ತಣ್ಣಗಿರಬೇಕು, ಹತ್ತಿರ ಬೀಡಿ ಸಿಗರೇಟು ಇರಬಾರದು. ಒಬ್ಬರು ಸೆಲ್ಫ್ ಹೊಡೆದರೆ ಪಂಪ್ ಪೆಟ್ರೋಲ್ ಎತ್ತುತ್ತದೆ. ಒಂದು ಲೋಟದಷ್ಟು ಹಿಡಿದು ಅರ್ಧ ಗಂಟೆ ಅಲ್ಲಾಡಿಸದೆ ಇಡಿ. ಪೆಟ್ರೋಲ್ ಲೀಟರಿಗೆ ಸುಮಾರು ಮುಕ್ಕಾಲು ಕೆ.ಜಿ. ತೂಗುತ್ತದೆ, ನೀರು ಒಂದು ಕೆ.ಜಿ. ನೀರಿದ್ದರೆ ತಳದಲ್ಲಿ ಬೇರೆಯಾಗಿ ನಿಲ್ಲುತ್ತದೆ, ನಡುವೆ ಗೆರೆ ಸ್ಪಷ್ಟವಾಗಿ ಕಾಣುತ್ತದೆ.

ಈಗಿನ ಪೆಟ್ರೋಲಿನಲ್ಲಿ ಇನ್ನೊಂದು ತೊಡಕು ಇದೆ. 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲೇ ಇ20 ಪೆಟ್ರೋಲಿಗೆ ಚಾಲನೆ ಸಿಕ್ಕಿತು, ಅಂದರೆ ನೂರಕ್ಕೆ 20 ಪಾಲು ಎಥನಾಲ್. ಎಥನಾಲ್ ನೀರನ್ನು ಹೀರಿಕೊಳ್ಳುತ್ತದೆ. ಸ್ವಲ್ಪ ನೀರಾದರೆ ಪೆಟ್ರೋಲಿನಲ್ಲೇ ಬೆರೆತು ಉರಿದುಹೋಗುತ್ತದೆ, ಗೊತ್ತೂ ಆಗುವುದಿಲ್ಲ. ಮಿತಿ ಮೀರಿದರೆ ಎಥನಾಲ್ ಮತ್ತು ನೀರು ಎರಡೂ ಕೂಡಿಕೊಂಡು ತಳಕ್ಕೆ ಇಳಿಯುತ್ತವೆ. ಪಂಪ್ ಎಳೆಯುವುದು ತಳದಿಂದ. ಹಾಗಾಗಿ ನಿನ್ನೆ ಸರಿ ಇದ್ದ ಕಾರು ಇವತ್ತು ಒಮ್ಮೆಲೇ ಕೈಕೊಡುತ್ತದೆ. ಹೀಗೆ ಬೇರೆಯಾದ ಮೇಲೆ ಯಾವ ಬಾಟಲ್ ಔಷಧಿಯೂ ಅದನ್ನು ಸರಿಮಾಡುವುದಿಲ್ಲ. ಟ್ಯಾಂಕ್ ಖಾಲಿ ಮಾಡಿ, ಲೈನ್ ಊದಿ, ಫ್ಯುಯಲ್ ಫಿಲ್ಟರ್ ಬದಲಿಸಿ, ಕಾರ್ಬೊರೇಟರ್ ಬೌಲ್ ತೊಳೆಯಬೇಕು. ತಿಂಗಳುಗಟ್ಟಲೆ ನಿಲ್ಲಿಸುವ ಹಳೆ ಕಾರಿನಲ್ಲಿ ಈ ತೊಂದರೆ ಜಾಸ್ತಿ. ತೆಗೆದ ಪೆಟ್ರೋಲನ್ನು ಚರಂಡಿಗೆ ಸುರಿಯಬೇಡಿ.

ಟ್ಯಾಂಕ್ ಮುಚ್ಚಳದ ರಬ್ಬರ್ ನೋಡಿ. ಅದರ ಸುತ್ತಲಿನ ತಗ್ಗಿನಿಂದ ನೀರು ಹೋಗುವ ಸಣ್ಣ ತೂತು ಕಸ ಕಟ್ಟಿದ್ದರೆ ಮಳೆ ನೀರು ಅಲ್ಲೇ ನಿಂತು ಒಳಗೆ ಇಳಿಯುತ್ತದೆ.

ಎಂಪಿಎಫ್‌ಐ ಕಾರುಗಳಿಗೆ

ಇಲ್ಲಿ ಕನೆಕ್ಟರುಗಳೇ ಮೊದಲ ಅನುಮಾನ. ಬ್ಯಾಟರಿ ಕಳಚಿ, ಒಂದೊಂದೇ ಕನೆಕ್ಟರ್ ಬಿಚ್ಚಿ ನೋಡಿ: ಮ್ಯಾಪ್ ಸೆನ್ಸರ್ (ಇಂಜಿನ್ ಎಳೆಯುವ ಗಾಳಿಯ ಒತ್ತಡ ಅಳೆಯುವುದು), ಥ್ರಾಟಲ್ ಸೆನ್ಸರ್, ಕ್ರ್ಯಾಂಕ್ ಸೆನ್ಸರ್, ಇಂಜೆಕ್ಟರುಗಳು, ಕಾಯಿಲ್. ಪಿನ್ ಮೇಲೆ ಹಸಿರು ಕಿಲುಬು, ಒಳಗೆ ತೇವ ಇದ್ದರೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಒಣಗಿಸಿ. ಒಳಗಿನ ರಬ್ಬರ್ ರಿಂಗ್ ಇದೆಯಾ ನೋಡಿ. ಇಂಜಿನ್ನಿನಿಂದ ಬಾಡಿಗೆ ಹೋಗುವ ಅರ್ಥ್ ಪಟ್ಟಿ ತುಕ್ಕು ಹಿಡಿದಿದ್ದರೆ ಅದನ್ನು ಉಜ್ಜಿ ಬಿಗಿಮಾಡಿ. ಅರ್ಥ್ ಸರಿ ಇಲ್ಲದಿದ್ದರೆ ಸೆನ್ಸರೆಲ್ಲ ಸುಳ್ಳು ಹೇಳುತ್ತವೆ.

2013ರ ಏಪ್ರಿಲ್ ನಂತರದ ಬಿಎಸ್-4 (ಹೊಗೆ ಮಾನದಂಡದ) ಕಾರುಗಳಲ್ಲಿ ಒಬಿಡಿ-2, ಅಂದರೆ ಇಂಜಿನ್ನಿನ ತಪ್ಪನ್ನು ಕೋಡ್ ಆಗಿ ತೋರಿಸುವ ವ್ಯವಸ್ಥೆ ಇದೆ. ಸಣ್ಣ ಬ್ಲೂಟೂತ್ ಸ್ಕ್ಯಾನರ್ ಸಿಕ್ಕಿಸಿದರೆ ಮೊಬೈಲಲ್ಲೇ ಕೋಡ್ ಓದಬಹುದು. ಪಿ0301 ಅಂದರೆ ಒಂದನೇ ಸಿಲಿಂಡರ್ ಮಿಸ್ಸಿಂಗ್, ಪಿ0302 ಅಂದರೆ ಎರಡನೆಯದು. ಪಿ0300 ಬಂದರೆ ತಾಳವಿಲ್ಲದ ಮಿಸ್ಸಿಂಗ್. ಕೋಡ್ ಬಂದ ಮಾತ್ರಕ್ಕೆ ಆ ಸೆನ್ಸರ್ ಬದಲಿಸಲು ಓಡಬೇಡಿ. ಮೊದಲು ಅದರ ವೈರು ನೋಡಿ.

ಕಾರಿನ ಒಳಗಿನ ಮ್ಯಾಟ್ ಎತ್ತಿ ಕೈ ಇಟ್ಟು ನೋಡುವುದನ್ನು ಮರೆಯಬೇಡಿ. ಹಲವು ಕಾರುಗಳಲ್ಲಿ ಇಸಿಯು, ಅಂದರೆ ಇಂಜಿನ್ನಿನ ಕಂಪ್ಯೂಟರ್, ಡ್ಯಾಶ್‌ಬೋರ್ಡ್ ಕೆಳಗೇ ಇರುತ್ತದೆ. ಅಲ್ಲಿಗೆ ನೀರು ತಲುಪಿದ್ದರೆ ಇವತ್ತು ಓಡಿದರೂ ಒಳಗೆ ಕಿಲುಬು ಬೆಳೆಯುತ್ತಾ ಹೋಗುತ್ತದೆ. ಬಿಚ್ಚಿ ಒಣಗಿಸಿ, ಗೊತ್ತಿರುವವರಿಂದ ಕ್ಲೀನ್ ಮಾಡಿಸಿ. ಇಂಜೆಕ್ಷನ್ ಗಾಡಿಯ ಪೆಟ್ರೋಲ್ ಲೈನಿನಲ್ಲಿ ಒತ್ತಡ ಜಾಸ್ತಿ. ಅದನ್ನು ಮನೆಯಲ್ಲಿ ಬಿಚ್ಚುವುದು ಬೇಡ.

ಎಲ್ಲ ನೋಡಿಯೂ ಒಂದು ಸಿಲಿಂಡರ್ ಬದುಕದಿದ್ದರೆ

ಕಂಪ್ರೆಷನ್, ಅಂದರೆ ಪಿಸ್ಟನ್ ಮೇಲೆ ಬಂದಾಗ ಸಿಲಿಂಡರಿನ ಒಳಗೆ ಏರುವ ಒತ್ತಡ ಅಳೆಸಿ. ಎಲ್ಲ ಪ್ಲಗ್ ಬಿಚ್ಚಿ, ಸ್ಪಾರ್ಕ್ ಬಂದ್ ಮಾಡಿ, ಆಕ್ಸಿಲರೇಟರ್ ಪೂರ್ತಿ ಒತ್ತಿ ಅಳೆಯಬೇಕು. ಸಿಲಿಂಡರುಗಳ ನಡುವೆ ಹತ್ತು ಹದಿನೈದು ಪರ್ಸೆಂಟ್ ಮೀರಿ ವ್ಯತ್ಯಾಸ ಇರಬಾರದು. ಕಡಿಮೆ ಬಂದ ಸಿಲಿಂಡರಿಗೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಏರಿದರೆ ರಿಂಗ್ ಸವೆದಿದೆ. ಏರದಿದ್ದರೆ ವಾಲ್ವ್ ಅಥವಾ ಗ್ಯಾಸ್ಕೆಟ್. ನಿಂತ ನೀರಿಗೆ ಇಳಿದ ಕಾರಾಗಿದ್ದರೆ ಮೂರನೇ ಕಾರಣವೂ ಇದೆ: ಬಗ್ಗಿದ ರಾಡ್. ಆಗ ಪಿಸ್ಟನ್ ಪೂರ್ತಿ ಮೇಲೆ ಬರುವುದಿಲ್ಲ. ಪ್ಲಗ್ ತೂತಿನಿಂದ ಉದ್ದನೆಯ ಪ್ಲಾಸ್ಟಿಕ್ ಕಡ್ಡಿ ಇಳಿಸಿ, ಕೈಯಲ್ಲಿ ಇಂಜಿನ್ ತಿರುಗಿಸುತ್ತಾ ಪಿಸ್ಟನ್ ಎಷ್ಟು ಮೇಲೆ ಬರುತ್ತದೆ ಅಂತ ಪಕ್ಕದ ಸಿಲಿಂಡರಿನ ಜೊತೆ ಹೋಲಿಸಿ. ಒಂದೆರಡು ಮಿ.ಮೀ. ಕಡಿಮೆ ಇದ್ದರೂ ಇಂಜಿನ್ ಬಿಚ್ಚಲೇಬೇಕು. ಬಗ್ಗಿದ ರಾಡಿನಲ್ಲಿ ಓಡಿಸಿದರೆ ಒಂದು ದಿನ ಅದು ಬ್ಲಾಕನ್ನೇ ಸೀಳಿಕೊಂಡು ಹೊರಗೆ ಬರುತ್ತದೆ.

ಮುಂದಿನ ಮಳೆಗೆ, ಮುಂದಿನ ವಾಶ್‌ಗೆ

1959ರಲ್ಲಿ ಬ್ರಿಟನ್‌ನಲ್ಲಿ ಬಂದ ಮಿನಿ ಕಾರಿನ ಡಿಸ್ಟ್ರಿಬ್ಯೂಟರ್ ಮುಂದಿನ ಜಾಲರಿಯ ಹಿಂದೆಯೇ ಇತ್ತು. ಮಳೆಯಲ್ಲಿ ನಿಂತುಹೋಗುವುದಕ್ಕೆ ಅದು ಹೆಸರುವಾಸಿ. ಅಲ್ಲಿನ ಜನ ರಬ್ಬರ್ ಗ್ಲೌಸಿನ ಬೆರಳ ತುದಿ ಕತ್ತರಿಸಿ, ವೈರುಗಳನ್ನು ಅದರಿಂದ ಹೊರಗೆ ಎಳೆದು, ಡಿಸ್ಟ್ರಿಬ್ಯೂಟರಿಗೆ ತೊಡಿಸುತ್ತಿದ್ದರು. ನಮ್ಮ ಹಳೆ ಕಾರುಗಳಿಗೂ ಈ ಉಪಾಯ ಚೆನ್ನಾಗಿ ಒಗ್ಗುತ್ತದೆ. ಬಿಸಿ ಭಾಗಕ್ಕೆ ತಾಗದಂತೆ ಕಟ್ಟಿದರೆ ಆಯಿತು.

ಇಂಜಿನ್ ವಾಶ್ ಮಾಡಿಸಲೇಬೇಕು ಅಂದರೆ ಇಂಜಿನ್ ತಣ್ಣಗಿರಲಿ. ಡಿಸ್ಟ್ರಿಬ್ಯೂಟರ್, ಕಾಯಿಲ್, ಏರ್ ಫಿಲ್ಟರ್ ಬಾಯಿ, ಕನೆಕ್ಟರುಗಳಿಗೆ ಪ್ಲಾಸ್ಟಿಕ್ ಕಟ್ಟಿಸಿ, ನೀವೇ ಪಕ್ಕದಲ್ಲಿ ನಿಂತುಕೊಳ್ಳಿ. ನನ್ನನ್ನು ಕೇಳಿದರೆ ಹಳೆ ಕಾರಿಗೆ ಪ್ರೆಷರ್ ವಾಶ್ ಬೇಡವೇ ಬೇಡ. ಸೀಮೆಎಣ್ಣೆ ಅಥವಾ ಡಿಗ್ರೀಸರ್ ಹಚ್ಚಿದ ಬ್ರಶ್, ಒದ್ದೆ ಬಟ್ಟೆ ಸಾಕು.

ಗ್ಯಾರೇಜಿಗೆ ಕೊಡುವುದಾದರೆ "ಮಿಸ್ಸಿಂಗ್ ಇದೆ, ನೋಡಿ" ಅಂತಷ್ಟೇ ಹೇಳಿ ಬರಬೇಡಿ. ನೀರು ಹೇಗೆ ತಗುಲಿತು, ಯಾವ ಸಿಲಿಂಡರ್, ತಣ್ಣಗಿದ್ದಾಗಲಾ ಬಿಸಿಯಾದ ಮೇಲಾ, ಐಡ್ಲಿಂಗಿನಲ್ಲಾ ಏರಿನಲ್ಲಾ, ಎಲ್ಲಿ ನೀರು ಹೊಡೆದಾಗ ತಪ್ಪಿತು ಅನ್ನುವುದನ್ನು ಒಂದು ಚೀಟಿಯಲ್ಲಿ ಬರೆದುಕೊಡಿ. ತಪ್ಪು ಕಂಡಾಗಲೇ ಮೊಬೈಲಲ್ಲಿ ವಿಡಿಯೋ ಮಾಡಿಟ್ಟುಕೊಳ್ಳಿ, ಸದ್ದು ಕೇಳುವ ಹಾಗೆ. ಬದಲಿಸಿದ ಹಳೆ ಸಾಮಾನು ವಾಪಸ್ ಕೊಡಲು ಹೇಳಿ. ಮನೆಗೆ ತಂದ ಸಂಜೆ ಸ್ಪ್ರೇ ಬಾಟಲ್ ಹಿಡಿದು ಇನ್ನೊಮ್ಮೆ ಎಲ್ಲ ಕಡೆ ಹೊಡೆದು ನೋಡಿ. ಆಗಲೂ ಇಂಜಿನ್ ತಪ್ಪದಿದ್ದರೆ ರಿಪೇರಿ ಆಗಿದೆ.